ರಿವರ್ಸ್ ಹಾಕಿದಾಗ ಕಿತ್ತುಬರುವ ಮಡ್‌ಫ್ಲ್ಯಾಪ್

ಪ್ರಶ್ನೆ: ನಮ್ಮದು ಶಿರಸಿ ತಾಲೂಕಿನ ಒಳಹಳ್ಳಿ. ತೋಟಕ್ಕೆ ಗೊಬ್ಬರ, ಸೊಪ್ಪು, ದರಕು ಹೊರಲು ಮತ್ತು ಅಡಿಕೆ ಚೀಲ ಯಾರ್ಡಿಗೆ ಒಯ್ಯಲು ಒಂದು ಪಿಕಪ್ ಇಟ್ಟುಕೊಂಡಿದ್ದೇನೆ. ಪ್ರತಿ ಮಳೆಗಾಲದಲ್ಲೂ ಅದರ ಹಿಂದಿನ ಮಡ್‌ಫ್ಲ್ಯಾಪ್, ಅಂದರೆ ಕೆಸರು ಸಿಡಿಯದಂತೆ ಚಕ್ರದ ಹಿಂದೆ ಜೋತುಬಿಡುವ ತುಂಡು, ಕಿತ್ತುಹೋಗುತ್ತದೆ. ಮೂರು ವರ್ಷದಲ್ಲಿ ನಾಲ್ಕು ಜೊತೆ ಹಾಕಿಸಿದೆ. ಈ ಸಲ ಫ್ಲ್ಯಾಪಿನ ಜತೆಗೆ ಅದನ್ನು ಹಿಡಿದಿದ್ದ ಕಬ್ಬಿಣದ ಬ್ರಾಕೆಟ್ಟೂ ಬಗ್ಗಿದೆ. "ತೆಗೆದೇ ಬಿಡುವ ಬಿಡಿ" ಅನ್ನುತ್ತಾನೆ ಡ್ರೈವರ್. ತೆಗೆದರೆ ಏನಾಗುತ್ತದೆ? ಮೊನ್ನೆ ಕೆನಡಾದಿಂದ ಅಕ್ಕನ ಮಗ ಫೋನ್ ಮಾಡಿದಾಗ ಅವನ ಸ್ನೋಮೊಬೈಲಿನ ಹಿಂದಿನ ಫ್ಲ್ಯಾಪೂ ಹೀಗೇ ಕಿತ್ತುಬಂತು ಎಂದ. ಹಿಮದ ಗಾಡಿಗೂ ನಮ್ಮ ಗಾಡಿಗೂ ಒಂದೇ ರೋಗವೇ?

ಉತ್ತರ: ಹೌದು ಹೆಗಡೆಯವರೇ, ರೋಗ ಒಂದೇ. ಅಕ್ಕನ ಮಗನ ಮಾತನ್ನು ನೀವು ಕೊನೆಗೆ ಬರೆದಿದ್ದೀರಿ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ಪಿಕಪ್ಪಿನ ಫ್ಲ್ಯಾಪ್ ಯಾಕೆ ಹರಿಯುತ್ತದೆ ಎಂದು ನನಗೆ ಸರಿಯಾಗಿ ಹೊಳೆದದ್ದು ಹಿಮದ ಗಾಡಿಯ ಅಡಿಗೆ ಮಲಗಿದ್ದಾಗ. ಸೈನ್ಯದ ಗಾಡಿ, ಯಂತ್ರಗಳ ರಿಪೇರಿ ನೋಡಿಕೊಳ್ಳುವ ಇಎಂಇ ವಿಭಾಗದಲ್ಲಿ ಮೆಕ್ಯಾನಿಕ್ ಆಗಿದ್ದಾಗ ಎರಡು ಚಳಿಗಾಲ ಕಾಶ್ಮೀರದಲ್ಲಿ ಕಳೆದೆ. ಅಲ್ಲಿ ಅದನ್ನು ಸ್ನೋ ಸ್ಕೂಟರ್ ಅನ್ನುತ್ತಿದ್ದೆವು. ಮುಂದೆ ಎರಡು ಸ್ಕೀ, ಹಿಂದೆ ಚಕ್ರದ ಬದಲಿಗೆ ಅಗಲವಾದ ಒಂದು ರಬ್ಬರ್ ಪಟ್ಟಾ. ಅಕ್ಕಿ ಗಿರಣಿಯ ಬೆಲ್ಟಿನ ಹಾಗೆ ಅದು ಸುತ್ತುತ್ತಲೇ ಇರುತ್ತದೆ, ಮೈತುಂಬಾ ಸಾಲುಸಾಲು ರಬ್ಬರ್ ಹಲ್ಲು. ಗಟ್ಟಿಯಾದ ಹಿಮದ ದಾರಿಯಲ್ಲಿ ಓಡುವ ಗಾಡಿಗೆ ಹಲ್ಲು ಒಂದು, ಒಂದೂಕಾಲು ಇಂಚು. ಬೆಟ್ಟದ ಆಳ ಹಿಮಕ್ಕೆಂದೇ ಮಾಡಿದ ಗಾಡಿಗೆ ಎರಡೂವರೆಯಿಂದ ಮೂರು ಇಂಚು. ಪಟ್ಟಾದ ಮೇಲೆ ಅಲ್ಯೂಮಿನಿಯಂ ತಗಡಿನ ಮಾಡು ಇರುತ್ತದೆ, ಅದನ್ನು ಟನೆಲ್ ಅನ್ನುತ್ತಾರೆ. ಆ ಮಾಡಿನ ಹಿಂತುದಿಗೆ ಜೋತುಬಿಟ್ಟದ್ದೇ ಸ್ನೋ ಫ್ಲ್ಯಾಪ್.

ಈಗ ಚಕ್ರ ಸುತ್ತುವ ದಿಕ್ಕನ್ನು ಗಮನಿಸಿ. ಗಾಡಿ ಮುಂದೆ ಹೋಗುವಾಗ ಟೈರಿನ ಹಿಂಬದಿಯ ಮೈ ನೆಲದಿಂದ ಮೇಲಕ್ಕೆ ಏಳುತ್ತಿರುತ್ತದೆ. ಫ್ಲ್ಯಾಪ್ ಅದಕ್ಕೆ ತಾಗಿದರೂ ಟೈರು ಅದನ್ನು ಮೇಲಕ್ಕೆ ಒರೆಸಿ ಬಿಡುತ್ತದೆ, ಅಷ್ಟೇ. ರಿವರ್ಸ್ ಹಾಕಿದ ಕೂಡಲೇ ಎಲ್ಲ ತಿರುಗುಮುರುಗು. ಅದೇ ಹಿಂಬದಿಯ ಮೈ ಮೇಲಿನಿಂದ ಕೆಳಕ್ಕೆ ಇಳಿಯತೊಡಗುತ್ತದೆ. ಆ ಹೊತ್ತಿಗೆ ಹಿಂದಿನಿಂದ ಏನಾದರೂ ಫ್ಲ್ಯಾಪನ್ನು ಟೈರಿಗೆ ಒತ್ತಿದರೆ ಟೈರು ಅದನ್ನು ಕಚ್ಚಿ ಕೆಳಗೆಳೆಯುತ್ತದೆ. ಮರುಗಳಿಗೆಗೆ ಫ್ಲ್ಯಾಪಿನ ತುದಿ ಚಕ್ರದ ಅಡಿಗೆ. ಈಗ ಅದನ್ನು ಎಳೆಯುತ್ತಿರುವುದು ಎಂಜಿನ್ ಮಾತ್ರ ಅಲ್ಲ, ಗಾಡಿಯ ಭಾರವೂ ಸೇರಿ. ಕಾಶ್ಮೀರದಲ್ಲಿ ಹಿಂದಿನಿಂದ ಒತ್ತುವುದು ಹಿಮದ ರಾಶಿ. ನಿಮ್ಮಲ್ಲಿ ಒತ್ತುವುದು ಧರೆ, ಅಂದರೆ ಮಣ್ಣಿನ ದಿಬ್ಬ, ಗೊಬ್ಬರದ ಗುಂಡಿಯ ಅಂಚು, ತೋಟದ ದಾರಿಯ ರಾಡಿ.

ನಿಮ್ಮ ಡ್ರೈವರ್ "ರಸ್ತೆ ಸರಿ ಇಲ್ಲ, ಹೊಂಡಕ್ಕೆ ಬಿದ್ದು ಹರೀತು" ಅಂತಲೇ ಹೇಳಿರುತ್ತಾನೆ. ನನ್ನ ಗ್ಯಾರೇಜಿಗೆ ಬರುವವರೆಲ್ಲ ಅದನ್ನೇ ಹೇಳುತ್ತಾರೆ, ಹೊಂಡಗಳಿಗೇನೂ ನಮ್ಮಲ್ಲಿ ಬರವಿಲ್ಲ. ಆದರೂ ಹರಿದ ಫ್ಲ್ಯಾಪನ್ನು ಒಮ್ಮೆ ತೊಳೆದು ಬೆಳಕಿಗೆ ಹಿಡಿಯಿರಿ. ಬೋಲ್ಟಿನ ತೂತು ಮೇಲಂಚಿನ ಕಡೆಗೆ ಉದ್ದಕ್ಕೆ ಸೀಳಿ, ಬೋಲ್ಟು ಜಾಗದಲ್ಲೇ ಉಳಿದಿದ್ದರೆ ಅದು ಕೆಳಗೆಳೆದ ಗುರುತು. ಅಂದರೆ ರಿವರ್ಸಿನಲ್ಲಿ ಆದದ್ದು. ರಬ್ಬರಿನ ಒಳಮೈ ಮೇಲೆ ಟೈರಿನ ಕಟ್ಟೆಗಳ ಅಚ್ಚು ಮೂಡಿದ್ದರೆ ಇನ್ನು ಸಂಶಯವೇ ಬೇಡ. ಕೆಳಗಿನ ಅಂಚು ನಾರುನಾರಾಗಿ ಸವೆದಿದ್ದರೆ ಲೋಡು ಹಾಕಿದಾಗ ಫ್ಲ್ಯಾಪ್ ನೆಲಕ್ಕೆ ಉಜ್ಜುತ್ತಿದೆ, ಉದ್ದ ಜಾಸ್ತಿಯಾಗಿದೆ ಎಂದು ಅರ್ಥ. ನಡುವೆ ಉದ್ದಕ್ಕೆ ಬಿರುಕು ಬಿಟ್ಟು, ಬಾಗಿಸಿದರೆ ಲಟಕ್ಕನೆ ಮುರಿದರೆ ಅದು ಬಿಸಿಲಿಗೆ ಸತ್ತ ಪ್ಲಾಸ್ಟಿಕ್ಕು. ಒಂದೇ ಪಕ್ಕ ಸವೆದಿದ್ದರೆ ಬ್ರಾಕೆಟ್ ಮೊದಲೇ ಬಗ್ಗಿತ್ತು. ನಿಮ್ಮದರಲ್ಲಿ ಬ್ರಾಕೆಟ್ ಸಮೇತ ಬಗ್ಗಿದೆ ಎಂದಿದ್ದೀರಿ. ಹೊಂಡದ ಪೆಟ್ಟು ಹಾಗೆ ಬಗ್ಗಿಸುವುದಿಲ್ಲ.

ತೆಗೆದರೆ ಏನಾಗುತ್ತದೆ ಎಂಬುದಕ್ಕೆ ಬರೋಣ. ದಯವಿಟ್ಟು ತೆಗೆಯಬೇಡಿ. ಮುಂದಿನ ಚಕ್ರದ ಫ್ಲ್ಯಾಪ್ ನಿಮ್ಮ ಗಾಡಿಯನ್ನು ಕಾಯುತ್ತದೆ, ಹಿಂದಿನ ಚಕ್ರದ್ದು ಬೇರೆಯವರನ್ನು ಕಾಯುತ್ತದೆ. ಮುಂದಿನದು ಇಲ್ಲದಿದ್ದರೆ ಚಕ್ರ ಎಸೆದ ಜಲ್ಲಿ, ಚಿರೆಕಲ್ಲಿನ ಹರಳು ಎಲ್ಲ ಡೀಸೆಲ್ ಟ್ಯಾಂಕು, ಬ್ರೇಕಿನ ಪೈಪು, ಬಾಗಿಲಡಿಯ ತಗಡಿಗೆ ಬಡಿಯುತ್ತವೆ. ಬಣ್ಣ ಕಿತ್ತ ಜಾಗದಲ್ಲಿ ಶ್ರಾವಣ ಮುಗಿಯುವುದರೊಳಗೆ ತುಕ್ಕು ಕೂತಿರುತ್ತದೆ. ಹಿಂದಿನದು ಇಲ್ಲದಿದ್ದರೆ ಅದೇ ಕಲ್ಲು ಹಿಂದೆ ಬರುವ ಬೈಕಿನವನ ಮುಖಕ್ಕೆ. ದೇವಿಮನೆ ಘಟ್ಟದಲ್ಲಿ ಮಳೆ ಹೊಯ್ಯುವಾಗ ಯಾವುದಾದರೂ ಲೋಡ್ ಗಾಡಿಯ ಹಿಂದೆ ಸ್ಕೂಟರಿನಲ್ಲಿ ಇಳಿದವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ. ಕೆಂಪು ನೀರು ಹೆಲ್ಮೆಟ್ಟಿನ ಗಾಜಿಗೆ ಬಡಿದರೆ ಎರಡು ತಿರುವಿನ ತನಕ ದಾರಿಯೇ ಕಾಣುವುದಿಲ್ಲ. ಒಂದು ಕಡೆ ಧರೆ, ಇನ್ನೊಂದು ಕಡೆ ಕಣಿವೆ. ಶಾಲೆಗೆ ನಡೆದು ಹೋಗುವ ಮಕ್ಕಳಿಗೂ ಅಷ್ಟೇ, ಅವರಿಗೆ ಸರಿದು ನಿಲ್ಲಲು ರಸ್ತೆಯ ಬದಿಯೇ ಇರುವುದಿಲ್ಲ. ನೂರಿನ್ನೂರು ರೂಪಾಯಿಯ ರಬ್ಬರ್ ತುಂಡಿಗಾಗಿ ಇಷ್ಟು ದೊಡ್ಡ ಅಪಾಯ ಬೇಡ ಎಂದು ಕೈಮುಗಿದು ಹೇಳುತ್ತೇನೆ.

ಹಾಗಾದರೆ ಗಟ್ಟಿಮುಟ್ಟಾದ ಫ್ಲ್ಯಾಪ್ ಹಾಕಿಸಿದರೆ ಆಯಿತಲ್ಲ ಅನ್ನಿಸುತ್ತದೆ. ಇಲ್ಲೇ ಬಹಳ ಜನ ಎಡವುತ್ತಾರೆ. ಕೆಲವು ವರ್ಷದ ಹಿಂದೆ ಯಲ್ಲಾಪುರ ಕಡೆಯ ಗಿರಾಕಿಯೊಬ್ಬರು ಪ್ರತಿ ಸಲ ಹರಿಯುವ ಫ್ಲ್ಯಾಪಿನಿಂದ ಬೇಸತ್ತು, ಅರ್ಧ ಇಂಚು ದಪ್ಪದ ಬೆಲ್ಟ್ ತಂದು, ಐದು ದೊಡ್ಡ ಬೋಲ್ಟು ಬಿಗಿದು, ಕೆಳಗೆ ಭಾರಕ್ಕೆಂದು ಕಬ್ಬಿಣದ ಸರಳನ್ನೂ ಕಟ್ಟಿಸಿದ್ದರು. ಮುಂದಿನ ಮಳೆಗೆ ಫ್ಲ್ಯಾಪ್ ಹರಿಯಲಿಲ್ಲ, ನಿಜ. ಬ್ರಾಕೆಟ್ಟು ಬುಡಸಮೇತ ಕಿತ್ತು, ತೊಟ್ಟಿಯ ಮೂಲೆಯ ತಗಡನ್ನು ಸುಲಿದುಕೊಂಡು ಬಂತು. ಟೇಲ್ ಲೈಟಿನ ವಯರ್ ಕೂಡ ಅದರ ಜತೆಗೇ ಹೋಯಿತು. ಚಕ್ರ ಎಳೆದಾಗ ಏನಾದರೊಂದು ಸೋಲಲೇಬೇಕು. ರಬ್ಬರ್ ಮೊದಲು ಸೋಲಬೇಕು, ಬ್ರಾಕೆಟ್ ಆಮೇಲೆ, ಚಾಸಿ ಯಾವತ್ತೂ ಸೋಲಬಾರದು. ಫ್ಲ್ಯಾಪ್ ಕಟ್ಟುವಾಗ ನನ್ನ ತಲೆಯಲ್ಲಿ ಇರುವ ಲೆಕ್ಕ ಇದೇ.

ಆ ಲೆಕ್ಕಕ್ಕೆ ತಕ್ಕಂತೆ ನಾನು ಹಾಕುವುದು ಒಳಗೆ ಬಟ್ಟೆಯ ಪದರ ಇರುವ, ಐದಾರು ಮಿಲಿಮೀಟರ್ ದಪ್ಪದ ಹಳೆಯ ಕನ್ವೇಯರ್ ಬೆಲ್ಟಿನ ತುಂಡು. ಗುಜರಿಯಲ್ಲಿ ಸಿಗುತ್ತದೆ. ಹಳೆಯ ಲಾರಿ ಟೈರನ್ನು ಸೀಳಿ ಹಾಕುವವರಿದ್ದಾರೆ. ರೇಡಿಯಲ್ ಟೈರಾದರೆ ಒಳಗೆ ಉಕ್ಕಿನ ತಂತಿ ಇರುತ್ತದೆ, ಅಂಚಿನಿಂದ ಸೂಜಿಯ ಹಾಗೆ ಹೊರಬಂದು ದನದ ಕಾಲಿಗೋ ಮಕ್ಕಳ ಕೈಗೋ ಚುಚ್ಚುತ್ತದೆ. ಅದು ಬೇಡ. ಅಂಗಡಿಯ ಗಟ್ಟಿ ಪ್ಲಾಸ್ಟಿಕ್ ಫ್ಲ್ಯಾಪ್ ನೋಡಲು ಚಂದ, ಡಾಂಬರು ರಸ್ತೆಯಲ್ಲೇ ಓಡುವ ಕಾರಿಗೆ ಸಾಕು. ತೋಟಕ್ಕೆ ಇಳಿಯುವ ಗಾಡಿಗೆ ಆಗಿಬರುವುದಿಲ್ಲ.

ತೂತು ಹಾಕುವ ಕೆಲಸವನ್ನು ಜನ ತೀರಾ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಚಾಕುವಿನಿಂದ ಅಡ್ಡ ಉದ್ದ ಎರಡು ಗೆರೆ ಸೀಳಿ ಬೋಲ್ಟು ತೂರಿಸಿದರೆ ಆ ಗೆರೆಯ ತುದಿಯಿಂದಲೇ ಹರಿಯಲು ಶುರುವಾಗುತ್ತದೆ. ತೂತು ದುಂಡಗೇ ಇರಬೇಕು, ಅಂಚು ನುಣ್ಣಗಿರಬೇಕು. ನನ್ನಲ್ಲಿ ಬೆರಳು ಗಾತ್ರದ ಒಂದು ಉಕ್ಕಿನ ಕೊಳವೆ ಇದೆ, ತುದಿಯನ್ನು ಅರದಿಂದ ಮಸೆದು ಹರಿತ ಮಾಡಿಟ್ಟಿದ್ದೇನೆ. ರಬ್ಬರನ್ನು ಹಲಸಿನ ದಿಮ್ಮಿಯ ಮೇಲೆ ಹಾಸಿ, ಗುರುತು ಹಾಕಿದಲ್ಲಿ ಕೊಳವೆ ನಿಲ್ಲಿಸಿ, ಸುತ್ತಿಗೆಯಿಂದ ಒಂದೇ ಪೆಟ್ಟು. ಬಿಲ್ಲೆಯಂತೆ ಚೂರು ಕೊಳವೆಯೊಳಗೆ ಬಂದು ಕೂರುತ್ತದೆ. ಎರಡನೆಯ ಪೆಟ್ಟು ಬೇಕಾಯಿತೆಂದರೆ ಕೊಳವೆ ಮೊಂಡಾಗಿದೆ, ಮತ್ತೆ ಮಸೆಯಬೇಕು. ಮೇಲಂಚಿನಿಂದ ತೂತಿಗೆ ಕನಿಷ್ಠ ಒಂದೂವರೆ ಇಂಚು ಬಿಡಿ. ಒಂದು ಬದಿಗೆ ಮೂರು ಬೋಲ್ಟು ಸಾಕು, ಎಂಟು ಎಂಎಂನವು.

ಬೋಲ್ಟಿನ ತಲೆಯನ್ನು ನೇರವಾಗಿ ರಬ್ಬರಿನ ಮೇಲೆ ಬಿಗಿಯಬೇಡಿ. ಫ್ಲ್ಯಾಪಿನ ಅಗಲಕ್ಕೆ ಸರಿಯಾಗಿ ಒಂದಿಂಚು ಅಗಲದ, ಮೂರು ಎಂಎಂ ದಪ್ಪದ ಕಬ್ಬಿಣದ ಪಟ್ಟಿ ಮಾಡಿಸಿ. ರಬ್ಬರು ಬ್ರಾಕೆಟ್ಟಿಗೂ ಪಟ್ಟಿಗೂ ನಡುವೆ ಕೂರಲಿ. ಆಗ ಎಳೆತ ಮೂರು ತೂತಿನ ಮೇಲೆ ಬೀಳದೆ ಇಡೀ ಅಗಲಕ್ಕೆ ಹಂಚಿಹೋಗುತ್ತದೆ. ಪಟ್ಟಿಯ ಕೆಳಗಿನ ಅಂಚನ್ನು ಅರದಿಂದ ಉಜ್ಜಿ ದುಂಡು ಮಾಡಿ, ಇಲ್ಲವಾದರೆ ಅದೇ ಕತ್ತಿಯಾಗಿ ರಬ್ಬರನ್ನು ಕೊಯ್ಯುತ್ತದೆ. ಒಳಗೆ ನೈಲಾನ್ ಬಳೆ ಇರುವ ಲಾಕ್ ನಟ್ಟು ಹಾಕಿ, ಗಾಡಿ ಅದುರಿದರೂ ಅದು ಸಡಿಲವಾಗುವುದಿಲ್ಲ.

ಅಳತೆಯನ್ನು ಖಾಲಿ ಗಾಡಿಯಲ್ಲಿ ತೆಗೆಯಬೇಡಿ. ಗೊಬ್ಬರ ತುಂಬಿದ ದಿನವೇ ಗ್ಯಾರೇಜಿಗೆ ತನ್ನಿ. ಲೋಡು ಬಿದ್ದರೆ ಪಾಟಾ (ಸ್ಪ್ರಿಂಗ್ ಪಟ್ಟಿಗಳು) ಕೂತು ಹಿಂಭಾಗ ಮೂರು ನಾಲ್ಕು ಇಂಚು ಇಳಿಯುತ್ತದೆ. ಆ ಸ್ಥಿತಿಯಲ್ಲಿ ಫ್ಲ್ಯಾಪಿನ ಕೆಳತುದಿ ನೆಲದಿಂದ ಅರ್ಧ ಅಡಿಯಾದರೂ ಮೇಲಿರಲಿ, ಟೈರಿಗೂ ಫ್ಲ್ಯಾಪಿಗೂ ನಡುವೆ ನಾಲ್ಕು ಬೆರಳು ಸಲೀಸಾಗಿ ಆಡಲಿ. ಹೆದ್ದಾರಿಯ ಲಾರಿಗೆ ಇದಕ್ಕಿಂತ ಉದ್ದ ಇದ್ದರೆ ಒಳ್ಳೆಯದು. ನಿಮ್ಮ ಮನೆಯ ಇಳಿಜಾರಿಗೆ ಇಷ್ಟೇ ಸಾಕು.

ಇಷ್ಟೆಲ್ಲ ಮಾಡಿದರೂ ಧರೆಗೆ ರಿವರ್ಸ್ ಕೊಟ್ಟರೆ ಮತ್ತೆ ಹರಿಯುತ್ತದೆ. ಅದಕ್ಕೆ ಮದ್ದು ಟಿಪ್ಪರಿನವರ ಹತ್ತಿರ ಇದೆ. ಮಣ್ಣು ಸುರಿಯಲು ದಿನಕ್ಕೆ ಹತ್ತು ಸಲ ರಾಶಿಗೆ ಹಿಂದೆ ಹೋಗುವವರು ಅವರು. ಕೆಲವು ಟಿಪ್ಪರುಗಳ ಫ್ಲ್ಯಾಪಿನ ಕೆಳಮೂಲೆಯಿಂದ ಒಂದು ಸಣ್ಣ ಸರಪಳಿ ಬಾಡಿಯ ಕಡೆಗೆ ಹೋಗಿರುವುದನ್ನು ನೀವೂ ನೋಡಿರಬಹುದು. ಅದು ಫ್ಲ್ಯಾಪನ್ನು ಟೈರಿನಿಂದ ದೂರ ಎಳೆದು ಹಿಡಿಯಲು. ನಿಮ್ಮ ಪಿಕಪ್ಪಿಗೆ ಇನ್ನೂ ಸರಳ. ಫ್ಲ್ಯಾಪಿನ ಕೆಳಗೆ ನಡುವಿನಲ್ಲಿ ಒಂದು ಬಳೆ, ತೊಟ್ಟಿಯ ಹಿಂಬದಿಯಲ್ಲಿ ಒಂದು ಕೊಕ್ಕೆ, ನಡುವೆ ಒಂದು ಮೊಳ ನೈಲಾನ್ ಹಗ್ಗ. ಕೊಟ್ಟಿಗೆಯ ಹತ್ತಿರ ಗಾಡಿ ತಿರುಗಿಸುವ ಮೊದಲು ಇಳಿದು, ಫ್ಲ್ಯಾಪನ್ನು ಹಿಂದಕ್ಕೆ ಮಡಚಿ ಕೊಕ್ಕೆಗೆ ಸಿಕ್ಕಿಸಿ. ರಸ್ತೆಗೆ ಬಂದಾಗ ಬಿಚ್ಚಿ. ಡ್ರೈವರ್ ಮೊದಲ ವಾರ ಗೊಣಗುತ್ತಾನೆ, ಅವನ ಎದುರೇ ನಾಲ್ಕು ದಿನ ನೀವೇ ಇಳಿದು ಸಿಕ್ಕಿಸಿ. ಆಮೇಲೆ ಅವನಿಗೇ ರೂಢಿಯಾಗುತ್ತದೆ. ಬಿಚ್ಚಲು ಮರೆಯದ ಹಾಗೆ ಹಗ್ಗ ಕೆಂಪು ಬಣ್ಣದ್ದಿರಲಿ, ಕನ್ನಡಿಯಲ್ಲಿ ಕಾಣುವ ಜಾಗದಲ್ಲಿ ಜೋತಿರಲಿ.

ಒಂದು ವೇಳೆ ಫ್ಲ್ಯಾಪ್ ಚಕ್ರದಡಿಗೆ ಸಿಕ್ಕಿತು ಎಂದು ಗೊತ್ತಾದರೆ, ಹಿಂದಿನಿಂದ ಟರ್ ಎಂದು ಎಳೆದ ಸದ್ದು ಬರುತ್ತದೆ, ಅಲ್ಲೇ ನಿಲ್ಲಿಸಿ. "ಇನ್ನೊಂದು ಸ್ವಲ್ಪ" ಅಂತ ಹಿಂದೆ ಒತ್ತಿದಾಗಲೇ ಬ್ರಾಕೆಟ್ ಬಗ್ಗುವುದು. ಫಸ್ಟ್ ಗೇರಿನಲ್ಲಿ ಮೆಲ್ಲಗೆ ಒಂದಡಿ ಮುಂದೆ ಬಂದರೆ ಬಂದ ದಾರಿಯಲ್ಲೇ ಅದು ಹೊರಗೆ ಬರುತ್ತದೆ.

ಬಗ್ಗಿರುವ ಬ್ರಾಕೆಟ್ಟಿನ ವಿಷಯ. ಒಮ್ಮೆ ಬಗ್ಗಿದ್ದಾದರೆ ತೆಗೆದು, ಕಾಯಿಸಿ, ನೇರ ಮಾಡಿ ಮತ್ತೆ ಹಾಕಬಹುದು. ಗಾಡಿಯಲ್ಲೇ ಬಿಟ್ಟು ಸುತ್ತಿಗೆಯಿಂದ ಬಡಿದು ನೆಟ್ಟಗೆ ಮಾಡಿದರೆ ಮಡಿಕೆಯಲ್ಲಿ ಕೂದಲಿನಂತಹ ಬಿರುಕು ಬಂದಿರುತ್ತದೆ, ರಾಡಿಯ ಅಡಿಯಲ್ಲಿ ಕಾಣುವುದಿಲ್ಲ. ತೊಳೆದು, ಸೀಮೆಎಣ್ಣೆ ಸವರಿ ಒರೆಸಿ, ಸುಣ್ಣದ ಪುಡಿ ಉದುರಿಸಿ ನೋಡಿ. ಬಿರುಕಿದ್ದರೆ ಒಳಗೆ ನಿಂತ ಎಣ್ಣೆ ಪುಡಿಗೆ ಹತ್ತಿ ಗೆರೆಯಾಗಿ ಕಾಣಿಸುತ್ತದೆ. ಗೆರೆ ಕಂಡರೆ ಹೊಸ ಬ್ರಾಕೆಟ್ ಮಾಡಿಸಿ. ಹೊಸ ಬ್ರಾಕೆಟ್ಟಿಗಾಗಿ ಚಾಸಿಯ ಪಟ್ಟಿಯಲ್ಲಿ ಹೊಸ ತೂತು ಕೊರೆಯುವುದಾಗಲಿ, ಅದಕ್ಕೆ ವೆಲ್ಡಿಂಗ್ ಹೊಡೆಯುವುದಾಗಲಿ ಬೇಡ. ಕಂಪನಿ ಕೊಟ್ಟ ತೂತುಗಳಲ್ಲೇ ಕೂರಿಸಿ. ಗಾಡಿಯ ಮೇಲೆ ಬೇರೆಲ್ಲಾದರೂ ವೆಲ್ಡಿಂಗ್ ಮಾಡಿಸುವುದಿದ್ದರೆ ಬ್ಯಾಟರಿಯ ನೆಗೆಟಿವ್ ಕಳಚಿಯೇ ಮಾಡಿಸಿ.

ನೀವು ಬರೆಯದ ಒಂದು ಸಂಗತಿಯನ್ನು ನಾನು ಕೇಳಬೇಕು. ಮಳೆಗಾಲದಲ್ಲಿ ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ಮದ್ದಿನ ಡ್ರಮ್ ಅದೇ ಪಿಕಪ್ಪಿನಲ್ಲಿ ಸಾಗಿಸುತ್ತೀರಾ? ನೂರು ಲೀಟರ್ ನೀರಿಗೆ ಒಂದು ಕೇಜಿ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೇಜಿ ಸುಣ್ಣ ಹಾಕಿ ಸರಿಯಾಗಿ ಮಾಡಿದ ಬೋರ್ಡೋ ಅಷ್ಟೇನೂ ಕಬ್ಬಿಣ ತಿನ್ನುವುದಿಲ್ಲ. ಸುಣ್ಣ ಸೇರಿಸುವ ಮೊದಲಿನ ಬರೀ ಮೈಲುತುತ್ತದ ನೀರು ಹಾಗಲ್ಲ. ಅದರಲ್ಲಿ ಮೊಳೆ ಅದ್ದಿ ನೋಡಿ, ತಾಮ್ರ ಬಂದು ಮೊಳೆಗೆ ಕೂರುತ್ತದೆ, ಕಬ್ಬಿಣ ಕರಗಿ ನೀರಿಗೆ ಹೋಗುತ್ತದೆ. ತೊಟ್ಟಿಯ ಸಂದಿನಿಂದ ಆ ನೀರು ಸೋರಿ ಬೀಳುವ ಜಾಗ ನೇರವಾಗಿ ಫ್ಲ್ಯಾಪಿನ ಬೋಲ್ಟುಗಳ ಮೇಲೆ. ತೋಟದವರ ಗಾಡಿಗಳಲ್ಲಿ ಬೋಲ್ಟಿನ ತಲೆ ಪೇರಲೆ ಬೀಜದಷ್ಟು ಸವೆದು ಉಳಿದದ್ದನ್ನು ಬಿಚ್ಚಿದ್ದೇನೆ. ಮದ್ದು ಹೊಡೆದ ದಿನ ಸಂಜೆ ತೊಟ್ಟಿಯಡಿಗೆ ನಾಲ್ಕು ಕೊಡ ನೀರು ಹೊಡೆಯಿರಿ, ಬೋಲ್ಟಿಗೆ ಗ್ರೀಸ್ ಮೆತ್ತಿಡಿ.

ಕರಾವಳಿಯವರಿಗೆ ಇದೇ ಕೆಲಸವನ್ನು ಉಪ್ಪು ಮಾಡುತ್ತದೆ. ಕಾರವಾರ, ಅಂಕೋಲಾ, ಹೊನ್ನಾವರದ ಗಾಡಿಗಳಿಗೆ ಗಾಳಿಯ ಉಪ್ಪಿನ ಜತೆಗೆ, 66ನೇ ಹೆದ್ದಾರಿಯಲ್ಲಿ ಮೀನಿನ ಲಾರಿಗಳು ಸುರಿಸಿಕೊಂಡು ಹೋಗುವ ಉಪ್ಪುನೀರೂ ಇದೆ. ಅವರು ಸ್ಟೇನ್‌ಲೆಸ್ ಬೋಲ್ಟು ಹಾಕಲಿ, ಬೋಲ್ಟು ಕಬ್ಬಿಣಕ್ಕೆ ತಾಗುವಲ್ಲಿ ರಬ್ಬರ್ ವಾಶರ್ ಇಡಲಿ.

ಈಗ ನಿಮ್ಮ ಅಕ್ಕನ ಮಗನಿಗೆ. ಹಿಮದ ಗಾಡಿಯಲ್ಲಿ ಫ್ಲ್ಯಾಪಿಗೆ ಇನ್ನೊಂದು ಕೆಲಸವಿದೆ, ಅದು ನಮ್ಮ ಗಾಡಿಗಳಲ್ಲಿಲ್ಲ. ನೀರಿನಿಂದ ತಂಪಾಗುವ ಎಂಜಿನ್ನಿನ ಆ ಗಾಡಿಗಳಿಗೆ ನಮ್ಮ ಕಾರಿನಂತೆ ಮುಂದೆ ದೊಡ್ಡ ರೇಡಿಯೇಟರ್ ಇರುವುದು ಕಡಿಮೆ. ಎಂಜಿನ್ನಿನ ಬಿಸಿ ನೀರು ಟನೆಲ್ಲಿನ ಒಳಮೈಯಲ್ಲಿ ಹಾಯ್ದು ಹೋಗುತ್ತದೆ, ಪಟ್ಟಾ ಎಸೆದ ಹಿಮ ಅದಕ್ಕೆ ಬಡಿದು ತಂಪು ಮಾಡುತ್ತದೆ. ಹಿಮ ಹಿಂದಕ್ಕೆ ಹಾರಿಹೋಗದಂತೆ ಒಳಗೇ ತಡೆಯುವುದು ಆ ಫ್ಲ್ಯಾಪ್. ಪಟ್ಟಾ ಜಾರುವ ಪ್ಲಾಸ್ಟಿಕ್ ಹಳಿಗಳಿಗೂ ಅದೇ ಹಿಮ ಎಣ್ಣೆಯಿದ್ದಂತೆ. ಫ್ಲ್ಯಾಪ್ ಇಲ್ಲದೆ ಗಟ್ಟಿ ಮಂಜುಗಡ್ಡೆಯ ದಾರಿಯಲ್ಲಿ ಓಡಿಸಿದರೆ ಎಂಜಿನ್ ವಿಪರೀತ ಬಿಸಿಯಾಗುತ್ತದೆ, ಹಳಿ ಕರಗುತ್ತದೆ. ಆಳ ಹಿಮದಲ್ಲಿ ಅಷ್ಟು ಬಾಧಕವಿಲ್ಲ, ಅಲ್ಲಿ ಎಲ್ಲ ಕಡೆಯಿಂದಲೂ ಹಿಮ ಸಿಗುತ್ತದೆ. ಬೆಟ್ಟದ ಗಾಡಿಗಳಿಗೆ ಗಿಡ್ಡ ಫ್ಲ್ಯಾಪ್ ಇರುವುದೂ ಅದಕ್ಕೇ.

ಅವನು ಮೊದಲು ಟನೆಲ್ಲಿನ ತುದಿ ಬಗ್ಗಿದೆಯೇ ನೋಡಲಿ. ಬಗ್ಗಿದ ತಗಡು ಪಟ್ಟಾದ ಹಲ್ಲಿಗೆ ತಾಗುವಂತಿದ್ದರೆ ಅದನ್ನು ಸರಿಮಾಡದೆ ಗಾಡಿ ಚಾಲೂ ಮಾಡುವುದು ಬೇಡ. ಫ್ಲ್ಯಾಪನ್ನು ಅಲ್ಲಿ ರಿವೆಟ್ಟಿನಲ್ಲಿ ಕೂರಿಸಿರುತ್ತಾರೆ. ಉಳಿದ ರಿವೆಟ್ಟುಗಳ ತಲೆಯನ್ನು ಡ್ರಿಲ್ಲಿನಿಂದ ತೆಗೆದು, ಹೊಸ ಫ್ಲ್ಯಾಪಿಗೆ ಅಗಲ ವಾಶರ್ ಕೊಟ್ಟು ರಿವೆಟ್ ಹೊಡೆಯಬಹುದು. ಬೋಲ್ಟು ಹಾಕುವುದಾದರೆ ಚಪ್ಪಟೆ ತಲೆ ಒಳಗೆ ಪಟ್ಟಾದ ಕಡೆಗೆ, ನಟ್ಟು ಹೊರಗೆ. ಉಲ್ಟಾ ಹಾಕಿದರೆ ಬೋಲ್ಟಿನ ತುದಿ ಪಟ್ಟಾವನ್ನು ಗೀಚುತ್ತದೆ. ಬಿರುಕು ಮಾತ್ರ ಬಿಟ್ಟಿದ್ದರೆ ಬಿರುಕಿನ ಕೊನೆಗೆ ಸಣ್ಣ ದುಂಡು ತೂತು ಕೊರೆದು, ಎರಡೂ ಬದಿಗೆ ತೂತು ಹಾಕಿ ಕೇಬಲ್ ಟೈಯಿಂದ ಹೊಲಿದರೆ ಆ ಚಳಿಗಾಲ ಕಳೆಯುತ್ತದೆ. ಅಂಟು ಹಚ್ಚಿ ಕೂರಬೇಡ ಎನ್ನಿ, ಆ ಜಾತಿಯ ಪ್ಲಾಸ್ಟಿಕ್ಕಿಗೆ ಅಂಟು ಹಿಡಿಯುವುದಿಲ್ಲ. ಕೆಲಸವನ್ನು ಬೆಚ್ಚಗಿನ ಶೆಡ್ಡಿನಲ್ಲಿ ಮಾಡಲಿ, ಮರಗಟ್ಟಿದ ಪ್ಲಾಸ್ಟಿಕ್ ಡ್ರಿಲ್ ತಾಗಿಸಿದರೆ ಸಿಡಿಯುತ್ತದೆ.

ಆಳ ಹಿಮದಲ್ಲಿ ರಿವರ್ಸ್ ಬಟನ್ ಒತ್ತುವ ಮೊದಲು ಇಳಿದು ಹಿಂದಿನ ಹಿಮವನ್ನು ಕಾಲಿನಿಂದ ತುಳಿದು ಜಾಗ ಮಾಡಲಿ, ಫ್ಲ್ಯಾಪನ್ನು ಒಂದು ಪಟ್ಟಿಯಿಂದ ಹಿಂದಿನ ಬಂಪರಿಗೆ ಎತ್ತಿ ಕಟ್ಟಲಿ. ಗಟ್ಟಿ ದಾರಿಗೆ ಬಂದಾಗ ಬಿಚ್ಚಲಿ. ನಿಮ್ಮ ಪಿಕಪ್ಪಿಗೆ ಹೇಳಿದ ಕೆಂಪು ಹಗ್ಗವೇ ಅಲ್ಲೂ ನಡೆಯುತ್ತದೆ.

ಬ್ರಾಕೆಟ್ ಬಿಚ್ಚುವ ಮೊದಲು ಎರಡೂ ಬದಿಯ ಫೋಟೊ ತೆಗೆದುಕೊಳ್ಳಿ, ಬಗ್ಗದ ಬದಿಯದೇ ಅಳತೆ ಬೇಕಾಗುತ್ತದೆ. ಹೊಸದು ಹಾಕಿದ ಮೇಲೆ ಒಂದು ವಾರ ಓಡಿಸಿ, ಮೂರೂ ನಟ್ಟಿಗೆ ಇನ್ನೊಮ್ಮೆ ಪಾನಾ ಕೊಡಿ. ರಬ್ಬರು ಒತ್ತಿಗೆ ಕೂತು ತೆಳುವಾಗಿರುತ್ತದೆ, ನಟ್ಟು ಕಾಲು ಸುತ್ತಾದರೂ ತಿರುಗುತ್ತದೆ.